ಹಿತ್ತಲಾಚೆಯ ಕಲ್ಲು

ರೈಲು ಹಳಿ ಹಾಕುವಾಗ ಆ ದಾರಿಯಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಇದೇ ಎಂದು ಅಮೆರಿಕದ ನಮ್ಮ ಈ ಊರಿಗೆ ಏಪೆಕ್ಸ್ ಎಂದು ಹೆಸರಿಟ್ಟರಂತೆ. ಎತ್ತರ ಅಂದರೆ ನನಗೆ ನಗು ಬರುತ್ತದೆ. ಚಾಮುಂಡಿ ಬೆಟ್ಟ ಹತ್ತಿದವರಿಗೆ ಅದು ಏರೇ ಅಲ್ಲ. ಆದರೂ ಮನೆಗೆ ಬಂದವರನ್ನೆಲ್ಲ ಹಳೇ ಪೇಟೆಗೆ ಕರೆದೊಯ್ದು, ಇಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದರು, ನಮ್ಮ ಬಡಾವಣೆಯೂ ಹೊಲವೇ ಆಗಿತ್ತು ಎಂದು ಉಪನ್ಯಾಸ ಕೊಡುತ್ತಿದ್ದವಳು ನಾನೇ. ಊರಿನ ಚರಿತ್ರೆಯನ್ನು ಅರೆದು ಕುಡಿದವಳ ಹಾಗೆ ಮಾತಾಡುತ್ತಿದ್ದೆ.

ಅಂದು ಮಾವನವರ ಮೊದಲ ವರ್ಷದ ತಿಥಿ. ಅವರು ಕೋವಿಡ್‌ನಲ್ಲಿ ಮೈಸೂರಿನಲ್ಲಿ ತೀರಿಕೊಂಡಾಗ ವಿಮಾನ ಸಿಗದೆ ನನ್ನ ಗಂಡ ಫೋನಿನಲ್ಲೇ ಚಿತೆ ನೋಡಿದ್ದ. ವರ್ಷವಿಡೀ ಅದು ಅವನನ್ನು ಕೊರೆಯುತ್ತಿತ್ತು. ಪಿಂಡವನ್ನಾದರೂ ಅಪ್ಪ ಒಪ್ಪಿಕೊಳ್ಳಲಿ, ಕಾಗೆ ಮುಟ್ಟಲಿ, ಅದೊಂದೇ ಅವನ ಹಟ. ಪುರೋಹಿತರು ವಿಡಿಯೋ ಕಾಲ್‌ನಲ್ಲಿ ಮಂತ್ರ ಮುಗಿಸಿದರು. ಮನೆಯ ಹಿಂದಿನ ಮರದ ಜಗಲಿ, ಡೆಕ್ ಮೇಲೆ ಇಟ್ಟರೆ ಪಕ್ಕದ ಮನೆಯ ನಾಯಿಗೆ ಹೆದರಿ ಕಾಗೆ ಬರುತ್ತಿರಲಿಲ್ಲ. ಅವನು ಪಂಚೆಯಲ್ಲೇ ಹಿತ್ತಲು ದಾಟಿ, ಪೈನ್ ಮರಗಳ ನಡುವೆ ಒಂದು ಚಪ್ಪಟೆ ಕಲ್ಲು ಹುಡುಕಿ, ನೀರು ಚಿಮುಕಿಸಿ, ಎಳ್ಳು ಕಲಸಿದ ಅನ್ನದ ಉಂಡೆಯನ್ನು ಅದರ ಮೇಲಿಟ್ಟ. ಕೊಂಬೆಯ ಮೇಲೆ ಎರಡು ಕಾಗೆ ಕೂತಿದ್ದವು. ಒಂದೂ ಇಳಿಯಲಿಲ್ಲ.

"ಅಪ್ಪಂಗೆ ನನ್ ಮೇಲೆ ಕೋಪ ಕಣೇ" ಎಂದ.

"ಸುಮ್ನಿರು. ಇಲ್ಲಿನ ಕಾಗೆಗೆ ಕನ್ನಡ ಬರಲ್ಲ, ಸ್ವಲ್ಪ ಟೈಮ್ ಕೊಡು" ಎಂದು ರೇಗಿದೆ. ಕಾಗೆ ಮುಟ್ಟುವವರೆಗೆ ನಮಗೂ ಊಟವಿಲ್ಲ. ಒಳಗೊಳಗೇ ನನಗೂ ಭಯವಾಗಿತ್ತು.

ಆಗ ಮರಗಳ ಆಚೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಎಪ್ಪತ್ತು ದಾಟಿದ ಕಪ್ಪು ಮಹಿಳೆಯೊಬ್ಬರು ಬಕೆಟ್ಟು, ಎಲೆ ಗುಡಿಸುವ ರೇಕು ಹಿಡಿದು ನೇರ ನಮ್ಮ ಕಡೆಗೇ ಬಂದರು. ಕಲ್ಲನ್ನು ನೋಡಿದರು. ಬರಿಮೈಯ ನನ್ನ ಗಂಡನನ್ನು ನೋಡಿದರು.

"ಅದನ್ನ ತೆಗೀರಿ" ಎಂದರು ಇಂಗ್ಲಿಷಿನಲ್ಲಿ. "ಅದು ನಮ್ಮಜ್ಜಿಯ ಅಮ್ಮನ ಗೋರಿ."

ಅಕ್ಷರವಿಲ್ಲ, ಶಿಲುಬೆಯಿಲ್ಲ, ಬರೀ ಕಾಡುಕಲ್ಲು. ಆ ಮುತ್ತಜ್ಜಿ ಈ ಹೊಲದಲ್ಲೇ ಗುಲಾಮಳಾಗಿ ಹುಟ್ಟಿದವಳಂತೆ. ನನ್ನ ಉಪನ್ಯಾಸದಲ್ಲಿ ಅವಳ ಸುಳಿವೇ ಇರಲಿಲ್ಲ.

ಇಟ್ಟ ಪಿಂಡವನ್ನು ಕಾಗೆ ಮುಟ್ಟುವ ಮೊದಲು ಎತ್ತಬಾರದು. ಇದು ನನ್ನ ಅಪ್ಪನ ಊಟ, ಹಕ್ಕಿ ಬರುವವರೆಗೆ ಬಿಡಿ ಎಂದು ಗಂಡ ತಡವರಿಸುತ್ತಾ ಬೇಡಿಕೊಂಡ. ಅವರು ಕದಲಲಿಲ್ಲ.

"ನಿಮ್ಮ ಮನೆಗಳನ್ನ ಕಟ್ಟುವಾಗ ನಮ್ಮ ಗೋರಿಕಲ್ಲುಗಳನ್ನೆಲ್ಲ ಮಶೀನು ತಳ್ಳಿಕೊಂಡು ಹೋಯ್ತು. ಇದ್ದ ಜಾಗದಲ್ಲಿ ಉಳಿದಿರೋದು ಇದೊಂದೇ."

ಗಂಡ ನನ್ನ ಮುಖ ನೋಡಿದ. ಅವನು ಬಗ್ಗಿ ಉಂಡೆಯನ್ನು ಬೊಗಸೆಗೆ ಎತ್ತಿಕೊಂಡ. ಮತ್ತೆ ಮನೆಯೊಳಗೆ ತರುವಂತಿಲ್ಲ, ಎಲ್ಲೆಂದರಲ್ಲಿ ಹಾಕುವಂತಿಲ್ಲ.

"ಯಾರೂ ಮಲಗಿಲ್ಲದ ಜಾಗ ಯಾವುದು, ತೋರಿಸಿ" ಎಂದ.

ಅವರು ಇಳಿಜಾರನ್ನು ನೋಡಿದರು. ನಮ್ಮ ಹಿತ್ತಲನ್ನು, ಡೆಕ್ಕನ್ನು, ಅಡುಗೆಮನೆಯ ಕಿಟಕಿಯನ್ನು ನೋಡಿದರು.

"ನಂಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

ಆಮೇಲೆ ತಮ್ಮ ಬಕೆಟ್ಟನ್ನು ಬೋರಲು ಹಾಕಿ, "ಇದರ ಮೇಲಿಡಿ" ಎಂದರು. ಮೂವರೂ ಹಿಂದೆ ಸರಿದು ನಿಂತೆವು. ಬಹಳ ಹೊತ್ತಾದ ಮೇಲೆ ಒಂದು ಕಾಗೆ ಇಳಿದು ಅಗುಳು ಕಚ್ಚಿತು. ಗಂಡ ಬಿಕ್ಕಿ ಬಿಕ್ಕಿ ಅತ್ತ. ಇನ್ನು ನಾನು ಒಳಗೆ ಹೋಗಿ ಊಟಕ್ಕೆ ಎಲೆ ಹಾಕಬೇಕಿತ್ತು. ಮನೆ ಎದುರಿಗೇ ಇತ್ತು. ಹುಲ್ಲಿನ ಮೇಲೆ ಎಲ್ಲಿ ಕಾಲಿಡುವುದೆಂದು ತಿಳಿಯದೆ ನಿಂತೇ ಇದ್ದೆ.