ಬನಿಹಾಲ್ ಘಾಟಿನ ಒಣ ಮಣ್ಣು

ಮುಂದಿನ ತಿರುವಿನಲ್ಲಿ ಗುಡ್ಡ ಕುಸಿದದ್ದರಿಂದ, ಕಾಶ್ಮೀರಕ್ಕೆ ಏರುವ ಬನಿಹಾಲ್ ಘಾಟಿನ ನೆತ್ತಿಯಲ್ಲಿ ನಮ್ಮ ಲಾರಿ ನಿಂತುಬಿಟ್ಟಿತು. ಉಳಿದ ನೀರು ಕುಡಿಯುವುದಕ್ಕಷ್ಟೇ ಸಾಕಿತ್ತು. ಅಮರನಾಥನ ದರ್ಶನಕ್ಕೆಂದು ಭಾಲ್ಕಿಯಿಂದ ನನ್ನ ಜೊತೆ ಹೊರಟಿದ್ದ ಸೋದರತ್ತೆ ಮುಂಜಾನೆಯಿಂದ ಏನೂ ತಿಂದಿರಲಿಲ್ಲ. ಸ್ನಾನವಿಲ್ಲದೆ ಲಿಂಗಪೂಜೆಯಿಲ್ಲ, ಪೂಜೆಯಿಲ್ಲದೆ ಊಟವಿಲ್ಲ ಎಂಬುದು ಅವರ ನೇಮ. ಎತ್ತರದ ಗಾಳಿಗೆ ಉಸಿರು ಸಾಲದೆ ತಲೆಸುತ್ತಿ ಕೂತಿದ್ದರು.

ಬೀದರಿನ ಚರ್ಚಾಕೂಟದಲ್ಲಿ ಗೆದ್ದು ಬಂದವನು ನಾನು, ಸುಮ್ಮನಿರುತ್ತೇನೆಯೇ? "ಅತ್ತಿ, ನೀರಿಲ್ಲದ ಊರಾಗ ಹುಟ್ಟಿದವರು ಶಿವಗ ಬ್ಯಾಡಾದವರೇನ್ರಿ?" ಎಂದೆ.

"ನಿನ್ನ ಮಾತು ಖರೇನ ಅದಪ್ಪ. ಆದ್ರ ನಾ ಉಣ್ಣಲ್ಲ," ಎಂದು ರೊಟ್ಟಿಯ ಗಂಟನ್ನು ನನ್ನತ್ತಲೇ ನೂಕಿದರು.

ಅಷ್ಟರಲ್ಲಿ ನಮಗೆ ದಾರಿ ತೋರಿಸಲು ಬಂದಿದ್ದ ಕಾಶ್ಮೀರಿ ಮುಸಲ್ಮಾನ ಮುದುಕ ನಮಾಜಿಗೆ ಎದ್ದ. ಎರಡೂ ಅಂಗೈಗಳನ್ನು ಒಣ ಮಣ್ಣಿಗೆ ತಟ್ಟಿ ಮುಖಕ್ಕೂ ಕೈಗಳಿಗೂ ಸವರಿಕೊಂಡ. ನೀರು ಸಿಗದ ಕಡೆ ಅವರಿಗೆ ಅದೇ ಕೈಕಾಲು ತೊಳೆದಂತೆ. ಅತ್ತೆ ಅವನ ನಮಾಜು ಮುಗಿಯುವವರೆಗೂ ನೋಡಿದರು. ಆಮೇಲೆ ಸೆರಗಿನ ಗಂಟು ಬಿಚ್ಚಿ, ವಿಭೂತಿಯನ್ನು ಹಣೆಗೆ, ಕೊರಳಿಗೆ, ತೋಳಿಗೆ ಧಾರಾಳವಾಗಿ ಬಳಿದುಕೊಂಡು, ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿದರು.

ಕಣ್ಣು ತೆರೆದವರೇ, "ಮೊದಲ ಆ ಮುತ್ಯಾಗ ಒಂದ್ ರೊಟ್ಟಿ ಕೊಡೋ," ಎಂದರು.

ಮಣ್ಣಿನಿಂದಾಗಲಿ ಬೂದಿಯಿಂದಾಗಲಿ ಮೈ ಶುದ್ಧವಾಗುತ್ತದೆಂದು ನಾನು ಇಂದಿಗೂ ಒಪ್ಪುವುದಿಲ್ಲ. ಯಾರಾದರೂ ವಾದಕ್ಕೆ ಬಂದರೆ ಸಿದ್ಧನಿದ್ದೇನೆ. ಆದರೆ ಅಂದು ಅತ್ತೆ ರೊಟ್ಟಿ ಮುರಿದದ್ದು ನನ್ನ ಮಾತಿಗಲ್ಲ.