ಮೇಡಮ್ಮು ಮಾವಿನಕಾಯಿ ತಿಂದ ಭಾನುವಾರ

ವೇಮಗಲ್ಲಿನ ಟ್ಯಾಕ್ಸಿ ಮುನಿಯಲ್ಲಪ್ಪ ಹುಟ್ಟಿದಾಗಿನಿಂದ "ಇಲ್ಲ" ಅಂದವನಲ್ಲ. ತೊಟ್ಟಿಲಲ್ಲಿ ಅಳುವಾಗಲೂ ಹೂಂ ಹೂಂ ಅಂತ ತಲೆಯಾಡಿಸಿಕೊಂಡೇ ಅಳುತ್ತಿದ್ದನಂತೆ. ಇದಕ್ಕೆಲ್ಲ ಅವನ ತಾಯಿ ಚಿಕ್ಕಗಂಗಮ್ಮನೇ ಕಾರಣ. ಅಕ್ಕಿ ಮುಗಿದರೆ "ಅಕ್ಕಿ ಇಲ್ಲ" ಅನ್ನಬಾರದು, "ತುಂಬಿಸಬೇಕು" ಅನ್ನಬೇಕು. ದೀಪ ಆರಿದರೆ "ಶಾಂತವಾಯ್ತು" ಅನ್ನಬೇಕು. ಇಲ್ಲ ಇಲ್ಲ ಅನ್ನುವ ಮನೆಗೆ ದರಿದ್ರಲಕ್ಷ್ಮಿ ಹಾಸಿಗೆ ಸಮೇತ ಬಂದು ಮಲಗುತ್ತಾಳೆ ಅಂತ ಆಕೆ ಮಗನನ್ನು ಬೆಳೆಸಿದ್ದಳು. ಮಗ ಆ ಪಾಠವನ್ನು ಅಡುಗೆಮನೆಯಿಂದ ಹೆದ್ದಾರಿಗೂ ತಂದ. ಗಾಡಿ ಹತ್ತಿದವರು ಏನು ಕೇಳಿದರೂ ಇದೆ. ಒಮ್ಮೆ ಬೆಂಗಳೂರಿನ ದಂಪತಿ ತಮಾಷೆಗೆ "ಕೋಲಾರದಲ್ಲಿ ಸಮುದ್ರ ಇದೆಯೇನಪ್ಪ?" ಅಂದರು. "ಇದೆ ಸಾರ್, ಈ ಸಲ ಸ್ವಲ್ಪ ನೀರು ಕಮ್ಮಿ" ಅಂತ ಕೋಲಾರಮ್ಮನ ಕೆರೆ ದಂಡೆಗೆ ಕರೆದುಕೊಂಡು ಹೋಗಿ ನಿಲ್ಲಿಸಿದ. ಅವರು ಕಾಲು ತೋಯಿಸಿಕೊಂಡು, ಕಪ್ಪೆಚಿಪ್ಪು ಆರಿಸಿಕೊಂಡು ಹೋದರು ಅಂತ ಅವನೇ ಹೇಳುತ್ತಾನೆ. ನಂಬದವರಿಗೆ ಚಿಪ್ಪನ್ನೂ ತೋರಿಸುತ್ತಾನೆ.

ಇಂಥವನ ಮನೆಗೆ ಒಂದು ಶನಿವಾರ ಸಂಜೆ ಸಂಕಟ ಬಂತು. ತಂದವಳು ಮಗಳು ಮುನಿಲಕ್ಷ್ಮಿ. ಅವಳು ವೇಮಗಲ್ ಕೈಗಾರಿಕಾ ಪ್ರದೇಶದಲ್ಲಿ ಕಾರುಗಳಿಗೆ ವೈರು ಜೋಡಿಸುವ ಕಾರ್ಖಾನೆಗೆ ಹೊಸದಾಗಿ ಸೇರಿದ್ದಳು. ಆ ಮನೆತನದಲ್ಲಿ ಕೊರಳಿಗೆ ಐಡಿ ಕಾರ್ಡು ಬಿದ್ದ ಮೊದಲ ಹೆಣ್ಣು. ಬಿದ್ದಾಗಿನಿಂದ ಸ್ನಾನಕ್ಕೆ ಹೋಗುವಾಗಲೂ ತೆಗೆದವಳಲ್ಲ. ಹೊಸ ಹುಡುಗಿಯರಿಗೆ ಕೆಲಸ ಕಲಿಸಲು ಫಿಲಿಪೀನ್ಸ್ ದೇಶದಿಂದ ಮಾರಿಸೆಲ್ ಅನ್ನುವ ಮೇಡಂ ಬಂದಿದ್ದರು. ಆ ಮೇಡಮ್ಮು ಈಗ ಊಟ ಬಿಟ್ಟಿದ್ದರು.

"ದಿನಾ ಅಳ್ತಾರಪ್ಪಾ," ಅಂದಳು ಮುನಿಲಕ್ಷ್ಮಿ. "ಸೋಮವಾರ ಏರ್‌ಪೋರ್ಟಿಗೆ ಹೊರಟೋಗ್ತೀನಿ ಅಂತಾವ್ರೆ. ಅವರು ಹೋದ್ರೆ ನಮ್ಮ ಬ್ಯಾಚು ಅರ್ಧಕ್ಕೇ ನಿಲ್ತದೆ. ಟ್ರೈನಿಂಗ್ ಮುಗೀದೆ ಯಾರನ್ನೂ ಪರ್ಮನೆಂಟ್ ಮಾಡಲ್ಲ. ನಾವೆಲ್ಲ ಮನೇಗೆ."

"ಊಟ ಬಿಡೋಕೆ ಏನಾಯ್ತು?"

"ಗೆಸ್ಟ್ ಹೌಸಲ್ಲಿ ಮೂರು ಹೊತ್ತೂ ಬ್ರೆಡ್ಡು."

ಅಲ್ಲಿನ ಅಡುಗೆಯವನ ಲೆಕ್ಕದಲ್ಲಿ ವಿಮಾನದಿಂದ ಇಳಿದವರೆಲ್ಲ ಬ್ರೆಡ್ಡು ತಿನ್ನುವವರೇ. ಬೆಳಿಗ್ಗೆ ಬ್ರೆಡ್ಡು ಜಾಮು, ಮಧ್ಯಾಹ್ನ ಬ್ರೆಡ್ಡು ಆಮ್ಲೆಟ್ಟು, ರಾತ್ರಿ ಬ್ರೆಡ್ಡಿಗೆ ಏನೂ ಇಲ್ಲದೆ ಬ್ರೆಡ್ಡು. ಅತಿಥಿಗೆ ನಾವು ತಿನ್ನುವುದನ್ನೇ ಬಡಿಸಿದರೆ ಮರ್ಯಾದೆಯಲ್ಲ ಅಂತ ಪಕ್ಕದಲ್ಲೇ ಕೂತು ತಾನು ಬಿಸಿ ಅನ್ನ ಸಾರು ಹೊಡೆಯುತ್ತಿದ್ದ. ಮೇಡಮ್ಮಿನ ಊರಿನಲ್ಲಿ ಕೊಟ್ಟಿದ್ದನ್ನು ಬೇಡ ಅನ್ನುವುದು ಮರ್ಯಾದೆಯಲ್ಲ. ಎರಡು ಮರ್ಯಾದೆಗಳ ನಡುವೆ ಸಿಕ್ಕಿ ಆಕೆ ಎಷ್ಟು ಸೊರಗಿದ್ದರೆಂದರೆ, ಫ್ಯಾನು ಹಾಕಿದಾಗ ಮೇಜು ಹಿಡಿದುಕೊಂಡು ಪಾಠ ಮಾಡುತ್ತಿದ್ದರಂತೆ.

"ನಾಳೆ ಭಾನುವಾರ ಊರು ಸುತ್ತಬೇಕಂತೆ. ಕೋಲಾರದಲ್ಲಿ ಎಲ್ಲಾದ್ರೂ ಫಿಲಿಪೀನ್ಸ್ ಊಟ ಸಿಗ್ತದಾ ಅಂತ ಕೇಳಿದ್ರು. ಸಿಗ್ತದೇನಪ್ಪಾ?"

"ಸಿಗದೆ ಏನು?"

"ಎಲ್ಲಿ?"

"ಒಂದು ಕಡೆ ಅಂತ ಹೇಳೋಕಾಗ್ತದಾ? ಎಲ್ಲಾ ಕಡೆ!"

ಒಲೆ ಮುಂದಿದ್ದ ಹೆಂಡತಿ ಆಂಜಿನಮ್ಮ ತಿರುಗಿ ನೋಡಿದಳು. "ಆ ದೇಶ ಯಾವ ದಿಕ್ಕಿಗದೆ ಅಂತ ಗೊತ್ತಾ ನಿಮಗೆ?"

"ನಂಗಲಿ ದಾಟಿ ಪೂರ್ವಕ್ಕೆ ನೇರ ಹೋಗ್ತಾ ಇದ್ರೆ ಸಿಗ್ತದೆ ಕಣೇ."

ಅಂದುಬಿಟ್ಟು ಹೊರಗೆ ಹೋಗಿ ಕೋಲಾರ ಬಸ್ ಸ್ಟ್ಯಾಂಡಿನ ಹತ್ತಿರ ಗೋಬಿ ಮಂಚೂರಿ ಗಾಡಿ ಇಟ್ಟಿದ್ದ ಭಾಮೈದ ಚಂದ್ರಮೋಹನ್‌ಗೆ ಫೋನು ಹಚ್ಚಿದ. "ಫಿಲಿಪೀನ್ಸಾ? ಚೈನಾ ಪಕ್ಕದ್ದೇ ಬಾವಾ," ಅಂದ ಚಂದ್ರಮೋಹನ್. "ಶ್ರೀನಿವಾಸಪುರದ ಪಕ್ಕ ಚಿಂತಾಮಣಿ ಇಲ್ವಾ, ಹಂಗೆ. ನೀನು ಕರ್ಕೊಂಡು ಬಾ, ಮಿಕ್ಕಿದ್ದು ನಂಗೆ ಬಿಡು."

ಭಾನುವಾರ ಬೆಳಿಗ್ಗೆ ಗಾಡಿಯಲ್ಲಿ ಕೂತ ಮೇಡಮ್ಮು ಶಿವಾರಪಟ್ಟಣದಲ್ಲಿ ಕೆತ್ತಿ ಮುಗಿಸಿದ ವಿಗ್ರಹದ ಹಾಗೆ ಮಾತಿಲ್ಲದೆ ಕಿಟಕಿಯಾಚೆ ನೋಡುತ್ತಿದ್ದರು. ಮುನಿಯಲ್ಲಪ್ಪನ ಇಂಗ್ಲಿಷು ಅರ್ಧ ಕೈಯದು, ಕಾಲು ಹಾರನ್ನಿನದು, ಉಳಿದದ್ದು ಮಾತ್ರ ಬಾಯಿಯದು. ಆದರೂ ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿತ್ತು. ಕೋಲಾರಕ್ಕೆ ಬಂದರೆ ಚಂದ್ರಮೋಹನ್‌ನ ಗಾಡಿಗೆ ರಟ್ಟಿನ ಬೋರ್ಡು ನೇತಾಡುತ್ತಿದೆ: "ಒರಿಜಿನಲ್ ಫಿಲಿಪೈನ್ ಗೋಬಿ." ಅದರ ಕೆಳಗೆ ಸಣ್ಣಕ್ಷರದಲ್ಲಿ, "ಪಾರ್ಸೆಲ್ ಉಂಟು."

"ಬಾವಾ, ಬಣ್ಣ ನೋಡು!" ಅಂದ ಚಂದ್ರಮೋಹನ್. ಆ ಗೋಬಿಯ ಕೆಂಪಿಗೆ ಟ್ರಾಫಿಕ್ಕು ನಿಂತಿತ್ತು. ಮೇಡಮ್ಮು ಒಂದು ಚೂರು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, "ಥ್ಯಾಂಕ್ಯೂ" ಅಂದರು.

"ನೋಡಿದ್ಯಾ, ತವರು ನೆನಪಾಗಿ ಅಳ್ತಾವ್ರೆ!"

"ಖಾರಕ್ಕೆ ಕಣೋ ಪಾಪಿ," ಅಂತ ಮುನಿಯಲ್ಲಪ್ಪ ನೀರಿನ ಬಾಟಲಿ ತೆಗೆದ. ಆದರೂ ಸೋಲಲಿಲ್ಲ. "ಇದು ಬ್ರಾಂಚು ಮೇಡಂ. ಮೇನು ಮುಳಬಾಗಿಲಲ್ಲಿದೆ."

ಮುಳಬಾಗಿಲಿನಲ್ಲಿ ಇದ್ದದ್ದು ದೋಸೆ. ಅದನ್ನು ತಿನ್ನಲು ಜನ ಬೆಂಗಳೂರಿನಿಂದ ಬರುತ್ತಾರೆ. ಸತ್ತವರೂ ಒಮ್ಮೊಮ್ಮೆ ಬಂದು ಸಾಲಿನಲ್ಲಿ ನಿಲ್ಲುತ್ತಾರೆ ಅಂತ ಮುನಿಯಲ್ಲಪ್ಪನ ವಾದ. ಆದರೆ ಹೊಟ್ಟೆಯಲ್ಲಿ ಫಿಲಿಪೈನ್ ಗೋಬಿ ಉರಿಯುತ್ತಿರುವಾಗ ದೋಸೆ ಪಾಪ ಏನು ಮಾಡೀತು? ಒಂದು ಅಂಚು ಮುರಿದರು, ಕೈ ತೊಳೆದರು.

ಹೊರಗೆ ಮೈದಾನದಲ್ಲಿ ಶಾಮಿಯಾನ ಹಾಕಿ ಭಾನುವಾರದ ಕಬಡ್ಡಿ ಪಂದ್ಯ ನಡೆಯುತ್ತಿತ್ತು. ಮೇಡಮ್ಮು ನೋಡೋಣ ಅಂದರು. ಮೈಕಿನಲ್ಲಿದ್ದವನ ಕಣ್ಣಿಗೆ ಬಿದ್ದದ್ದೇ ತಡ, "ದೂರದ ಫಿಲಿಪೀನ್ಸ್ ದೇಶದಿಂದ ನಮ್ಮ ಪಂದ್ಯಾವಳಿಗೆಂದೇ ಆಗಮಿಸಿರುವ ಮುಖ್ಯ ಅತಿಥಿಗಳು" ಅಂತ ಕೂಗಿ, ವೇದಿಕೆ ಹತ್ತಿಸಿ, ಶಾಲು ಹೊದಿಸಿ, ತಲೆಗೆ ಪೇಟ ಇಟ್ಟೇಬಿಟ್ಟ. ಮೇಡಮ್ಮು ಮುಂದಿನ ಆಟಕ್ಕೆ ನಾಣ್ಯ ಚಿಮ್ಮಿದರು. ಒಬ್ಬ ರೈಡರ್ ಐದಾರು ಜನರನ್ನು ಎಳೆದುಕೊಂಡೇ ಗೆರೆ ಮುಟ್ಟಿದಾಗ ಕುರ್ಚಿಯ ಮೇಲೆ ಎದ್ದುನಿಂತು ಶಿಳ್ಳೆ ಹೊಡೆದರು. ಆ ಶಿಳ್ಳೆಗೆ ಹೆದ್ದಾರಿಯಲ್ಲಿ ನಂಗಲಿಯಿಂದ ಬರುತ್ತಿದ್ದ ಲಾರಿಗಳೆಲ್ಲ ಪೊಲೀಸರೆಂದು ಎಡಕ್ಕೆ ನಿಂತವಂತೆ.

ಮುನಿಯಲ್ಲಪ್ಪನಿಗೆ ಮಾತ್ರ ಸಂತೋಷವಾಗಲಿಲ್ಲ. ಶಾಲಿನಿಂದ ಹೊಟ್ಟೆ ತುಂಬುತ್ತದೆಯೆ? ಹೊತ್ತು ನೆತ್ತಿಯಿಂದ ಇಳಿಯುತ್ತಿತ್ತು. ನಾಳೆ ಸೋಮವಾರ. ಮಗಳ ಮುಖ ಕಣ್ಣ ಮುಂದೆ ಬಂತು.

"ಮೇನು ಶಿಫ್ಟಾಗಿದೆ ಮೇಡಂ. ಶ್ರೀನಿವಾಸಪುರ."

ಶ್ರೀನಿವಾಸಪುರದಲ್ಲಿ ಮಾವಿನ ಕಾಲ. ಮಂಡಿಗಳ ಮುಂದೆ ಟ್ರ್ಯಾಕ್ಟರುಗಳು, ದಾರಿಯುದ್ದಕ್ಕೂ ಹುಲ್ಲು ಹಾಸಿ ಸುರಿದ ಮಾವಿನ ರಾಶಿ. ಒಬ್ಬಾಕೆ ತೋತಾಪುರಿ ಕಾಯಿ ಸೀಳಿ ಉಪ್ಪು ಖಾರ ಹಚ್ಚಿ ಮಾರುತ್ತಿದ್ದಳು. ಮುನಿಯಲ್ಲಪ್ಪ ಗಾಡಿ ನಿಲ್ಲಿಸಿ ಇಲ್ಲದ ಹೋಟೆಲಿನ ದಾರಿ ವಿಚಾರಿಸುವ ನಾಟಕ ಆಡಿ ಬರುವಷ್ಟರಲ್ಲಿ ಮೇಡಮ್ಮು ಆಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಒಂದಾಯಿತು, ಇನ್ನೊಂದಾಯಿತು. ಖಾರ ಬೇಡ, ಉಪ್ಪು ಹಾಕು ಅಂತ ಕೈಸನ್ನೆ. ಹುಳಿಗೆ ಕಣ್ಣು ಮುಚ್ಚಿಕೊಂಡು, ಬೆರಳು ಚೀಪಿಕೊಂಡು, ಮತ್ತೊಂದು. ತಿಂದುಳಿದ ಓಟೆಗಳು ಗುಡ್ಡೆಯಾದವು; ಆ ಗುಡ್ಡೆಯನ್ನು ನೋಡಿ ಅಂತರಗಂಗೆ ಬೆಟ್ಟವೇ ನಾಚಿಕೊಂಡಿತು.

ಮಾರುವಾಕೆ ಮುನಿಯಲ್ಲಪ್ಪನನ್ನು ಪಕ್ಕಕ್ಕೆ ಕರೆದಳು. "ಅಣ್ಣಾ, ಎಷ್ಟನೇ ತಿಂಗಳು?"

"ಮೇ ಅಲ್ವಾ?"

"ಅಯ್ಯೋ ನಿನ್ ಬುದ್ಧಿಗೆ! ಆಯಮ್ಮಂಗೆ ಎಷ್ಟನೇ ತಿಂಗಳು ಅಂತ. ಇದು ಬರೀ ಹಸಿವಲ್ಲ, ಬಯಕೆ."

ಮುನಿಯಲ್ಲಪ್ಪನ ತಲೆಯಲ್ಲಿ ಎಲ್ಲವೂ ಟಕಟಕ ಜೋಡಣೆಯಾದವು. ಊಟ ಸೇರುವುದಿಲ್ಲ. ಸುಮ್ಮಸುಮ್ಮನೆ ಅಳು. ಸೊರಗಿದ್ದಾರೆ. ಈಗ ಮಾವಿನಕಾಯಿ! ಬಸುರಿ ಹೆಂಗಸನ್ನು ಮೂರು ತಾಲ್ಲೂಕಿನ ಗುಂಡಿಗಳಲ್ಲಿ ಕುಲುಕಾಡಿಸಿದೆನಲ್ಲ ಅಂತ ಹೆದರಿ, ಹುಣಸೆಮರದ ಮರೆಗೆ ಹೋಗಿ ಹೆಂಡತಿಗೆ ಫೋನು ಮಾಡಿದ.

"ಲೇ, ಮೇಡಮ್ಮಿಗೆ ಗೋಬಿ ಸೇರಲಿಲ್ಲ, ಮಾವಿನಕಾಯಿ ತಿಂತಾವ್ರೆ."

"ಎಷ್ಟು?"

"ಎಣಿಸೋಕಾಗ್ಲಿಲ್ಲ ಕಣೇ."

ಆಚೆ ಕಡೆ ಆಂಜಿನಮ್ಮ ಸಿಡಿದಳು. "ತಾಯಿ ಇಲ್ಲದ ಊರಲ್ಲಿ ಬಸುರಿ ಹೆಂಗಸು ಬ್ರೆಡ್ಡು ತಿಂದ್ಕೊಂಡವ್ಳೆ, ನೀವು ಗೋಬಿ ತಿನ್ನಿಸ್ಕೊಂಡು ತಿರುಗ್ತಿದ್ದೀರಾ? ಬಯಕೆ ತೀರಿಸದೆ ಕಳಿಸಿದ್ರೆ ಆ ಪಾಪ ಯಾರ ತಲೆಗೆ? ಸೀದಾ ಮನೆಗೆ ಕರ್ಕೊಂಡು ಬನ್ನಿ!"

ಮನೆಗೆ ಕರೆದೊಯ್ಯಬೇಕೆಂದರೆ ಹೋಟೆಲು ಹುಡುಕುವುದನ್ನು ನಿಲ್ಲಿಸಬೇಕು. ನಿಲ್ಲಿಸಬೇಕೆಂದರೆ ಹೇಳಬೇಕು. ಮುನಿಯಲ್ಲಪ್ಪ ಗಾಡಿಯ ಹತ್ತಿರ ಬಂದು, ಟವೆಲಿನಿಂದ ಮುಖ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ ಹೇಳಿದ. "ಮೇಡಂ, ಇಲ್ಲ. ಕೋಲಾರದಲ್ಲಿ ಇಲ್ಲ, ಮುಳಬಾಗಿಲಲ್ಲಿ ಇಲ್ಲ, ಇಲ್ಲೂ ಇಲ್ಲ. ಮಾಲೂರಿಗೆ ಹೋದ್ರೂ ಇಲ್ಲ."

ಆಕಾಶ ಬೀಳಲಿಲ್ಲ. ಮೇಡಮ್ಮು ಓಟೆ ಚೀಪುತ್ತಲೇ, "ಗೊತ್ತು," ಅಂದರು. "ಬೆಳಿಗ್ಗೆ ಗಾಡಿ ಹತ್ತುವ ಮೊದಲೇ ಫೋನಿನಲ್ಲಿ ನೋಡಿದೆ. ಈ ಜಿಲ್ಲೆಯಲ್ಲೇ ಇಲ್ಲ."

"ಮತ್ತೆ ಯಾಕೆ ಬಂದ್ರಿ?"

"ನೀವು ಅಷ್ಟು ಖುಷಿಯಾಗಿ ಇದೆ ಇದೆ ಅಂತಿದ್ರಿ. ಬೇಡ ಅನ್ನೋಕೆ ನಾಚಿಕೆಯಾಯ್ತು. ಆ ಗೋಬಿ ಮಾತ್ರ..." ಅಂದವರು ನಗಲು ಶುರುಮಾಡಿದರು. ಮುನಿಯಲ್ಲಪ್ಪನಿಗೂ ನಗು ಬಂತು. ಎದೆಯ ಮೇಲೆ ಐವತ್ತು ವರ್ಷದಿಂದ ಕೂತಿದ್ದ ಚಪ್ಪಡಿಯನ್ನು ಯಾರೋ ಕ್ರೇನು ತಂದು ಎತ್ತಿದ ಹಾಗಾಯಿತು. ಇಲ್ಲ ಅನ್ನುವುದು ಇಷ್ಟು ಸಲೀಸು ಅಂತ ಗೊತ್ತಿದ್ದರೆ ತೊಟ್ಟಿಲಿನಿಂದಲೇ ಶುರುಮಾಡುತ್ತಿದ್ದೆ ಅಂದುಕೊಂಡು, ಗುಂಡಿ ಕಂಡಲ್ಲೆಲ್ಲ ಗಾಡಿಯನ್ನು ಹೆಗಲ ಮೇಲೆ ಎತ್ತಿ ದಾಟಿಸುವಷ್ಟು ಮೆಲ್ಲಗೆ ಓಡಿಸಿಕೊಂಡು ಬಂದ.

ಮನೆಯಲ್ಲಿ ಆಂಜಿನಮ್ಮನ ಅವಸ್ಥೆ ಬೇರೆ. ಬಾ ಅಂದುಬಿಟ್ಟಿದ್ದಳು, ಒಲೆಯ ಮೇಲಿದ್ದದ್ದು ನುಗ್ಗೆಸೊಪ್ಪು ಹೆಸರುಕಾಳಿನ ಸಾರು. ಹಿತ್ತಲ ಸೊಪ್ಪನ್ನು ಯಾರಾದರೂ ನೆಂಟರಿಗೆ ಬಡಿಸುತ್ತಾರೆಯೇ? ಅದೂ ಸಮುದ್ರ ದಾಟಿ ಬಂದವರಿಗೆ? ಪಾತ್ರೆಯನ್ನು ಮೂಲೆಗೆ ತಳ್ಳಿ, ಬಿದಿರಿನ ಮಂಕರಿ ಕವುಚಿ, ಮಂಕರಿಯ ಮೇಲೆ ಗೋಣಿಚೀಲ ಹಾಕಿ, ಮುನಿಲಕ್ಷ್ಮಿಯನ್ನು ಅಂಗಡಿಗೆ ಓಡಿಸಿದಳು. ಅವಳು ತಂದದ್ದು ಬ್ರೆಡ್ಡು.

ಮೇಡಮ್ಮು ಪೇಟ ತೊಟ್ಟುಕೊಂಡೇ ಒಳಗೆ ಬಂದರು. ಚಾಪೆ ಹಾಸಿದರು. ತಟ್ಟೆಯಲ್ಲಿ ಬ್ರೆಡ್ಡು ಬಂತು. ಅದನ್ನು ನೋಡಿದ ಮೇಡಮ್ಮಿನ ಮುಖದಲ್ಲಿ ನಾಳಿನ ವಿಮಾನ ಹಾರಿಹೋದದ್ದು ಮುನಿಲಕ್ಷ್ಮಿಗೆ ಸ್ಪಷ್ಟವಾಗಿ ಕಂಡಿತು.

ಜಗುಲಿಯಿಂದ ಅತ್ತೆ ಚಿಕ್ಕಗಂಗಮ್ಮ ಗದರಿದಳು. "ಬಯಕೆ ಹೆಂಗಸಿಗೆ ಮೊದಲು ಏನ್ ಬೇಕಮ್ಮಾ ಅಂತ ಕೇಳ್ರೇ! ಕೇಳದೆ ಬಡಿಸ್ತಾರಾ?" ಆಮೇಲೆ ತಾನೇ ಹತ್ತಿರ ಸರಿದು, ಮೇಡಮ್ಮಿನ ಗಲ್ಲ ಹಿಡಿದು, "ಏಮ್ಮಾ, ಏಮಿ ಕಾವಾಲ?" ಅಂದಳು.

ಆ ಮುದುಕಿಯ ತೆಲುಗು ಮೇಡಮ್ಮಿಗೆ ತಿಳಿಯಲಿಲ್ಲ, ಕೈ ತಿಳಿಯಿತು. ಅವರು ಮೂಗರಳಿಸಿದರು. ಎದ್ದರು. ಮೂಗು ಕರೆದ ಕಡೆ ನಡೆದು, ಗೋಣಿಚೀಲ ಸರಿಸಿ, ಮಂಕರಿ ಎತ್ತಿ, ಪಾತ್ರೆಯ ಮುಂದೆ ಕೂತುಬಿಟ್ಟರು. ಒಂದು ಸೊಪ್ಪಿನ ಎಸಳನ್ನು ಬೆರಳಲ್ಲಿ ಎತ್ತಿಕೊಂಡು ನೋಡಿದರು. ಈ ಸಲದ ಕಣ್ಣೀರು ಖಾರದ್ದಲ್ಲ.

"ಅಯ್ಯೋ, ಅದು ಬೇಡ ಮೇಡಂ, ಅದು ನಮಗೆ ಮಾಡ್ಕೊಂಡಿದ್ದು," ಅಂತ ಆಂಜಿನಮ್ಮ ಪಾತ್ರೆ ಎಳೆದಳು. ಮೇಡಮ್ಮು ಬಿಡಲಿಲ್ಲ. ಪಾತ್ರೆಯ ಒಂದೊಂದು ಕಿವಿ ಹಿಡಿದುಕೊಂಡು ಇಬ್ಬರೂ ಎಳೆದಾಡಿದರು. ಮುಳಬಾಗಿಲಿನ ಕಬಡ್ಡಿ ಅದರ ಮುಂದೆ ಏನೂ ಅಲ್ಲ.

ಮುನಿಲಕ್ಷ್ಮಿ ನಡುವೆ ಕೂತು ಮೇಡಮ್ಮಿನ ಮಾತು ತಿರುಗಿಸಿ ಹೇಳಿದಳು. ಅವರ ಮನೆ ಹಿಂದೆಯೂ ನುಗ್ಗೆಮರ ಇದೆಯಂತೆ. ಪ್ರತಿ ಶುಕ್ರವಾರ ಅವರಮ್ಮ ಇದೇ ಸೊಪ್ಪು, ಇದೇ ಹೆಸರುಕಾಳು ಬೇಯಿಸಿ, ಅನ್ನಕ್ಕೆ ಹಾಕಿ, ಒಣಮೀನು ಹುರಿದು ಕೊಡುತ್ತಾರಂತೆ.

"ಒಣಮೀನಾ?" ಚಿಕ್ಕಗಂಗಮ್ಮ ಆಗಲೇ ಡಬ್ಬ ತೆಗೆಯುತ್ತಿದ್ದಳು. "ಲೇ ಮುನಿಯಲ್ಲಾ, ಏನ್ಲಾ ನೋಡ್ತಿದ್ದೀಯಾ, ಒಲೆ ಊದು!"

ಮೇಡಮ್ಮು ಕೈಯಲ್ಲೇ ಕಲಸಿ ಉಂಡರು. ಅನ್ನ ಮುಗಿದ ಮೇಲೆ ಮುದ್ದೆ ಕೇಳಿದರು. ಅದನ್ನು ಅಗಿಯತೊಡಗಿದಾಗ, ಬಾಗಿಲಲ್ಲಿ ಸೇರಿದ್ದ ಬೀದಿಯೆಲ್ಲ "ನುಂಗ್ಬೇಕು ಮೇಡಂ, ನುಂಗ್ಬೇಕು!" ಅಂತ ಕೂಗಿತು. ನುಂಗಿದರು. ಬೀದಿ ಚಪ್ಪಾಳೆ ತಟ್ಟಿತು. ಚಿಕ್ಕಗಂಗಮ್ಮ ಮೇಡಮ್ಮಿನ ಹೊಟ್ಟೆ ಮುಟ್ಟಿ ಮುಟ್ಟಿ ನೋಡಿ, "ಐದು ತಿಂಗಳಿರಬೇಕು" ಅಂದಳು. ಮುನಿಲಕ್ಷ್ಮಿ ನಾಚಿಕೆಯಿಂದ ನೆಲ ನೋಡಿಕೊಂಡು ಅದನ್ನೂ ತಿರುಗಿಸಿ ಹೇಳಿದಾಗ ಮೇಡಮ್ಮಿಗೆ ಮುದ್ದೆ ನೆತ್ತಿಗೇರುವಷ್ಟು ನಗು.

"ನನ್ನ ಚಿಕ್ಕ ಮಗ ಕಾಲೇಜಿಗೆ ಹೋಗ್ತಾನೆ! ಮಾವಿನಕಾಯಿ ನಮ್ಮೂರಲ್ಲಿ ಗಂಡಸರೂ ತಿಂತಾರೆ!"

"ಹಂಗಾದ್ರೆ ಗಂಡಸರಿಗೂ..." ಅಂತ ಚಿಕ್ಕಗಂಗಮ್ಮ ಗಲ್ಲದ ಮೇಲೆ ಬೆರಳಿಟ್ಟುಕೊಂಡಳು.

ಸಂಜೆ ಮೇಡಮ್ಮು ಹಿತ್ತಲಲ್ಲಿ ನಿಂತು ಅವರಮ್ಮನಿಗೆ ವೀಡಿಯೊ ಫೋನು ಮಾಡಿ ನುಗ್ಗೆಮರ ತೋರಿಸುತ್ತಿದ್ದರು. ಆಂಜಿನಮ್ಮ ಫೋನು ಇಸಿದುಕೊಂಡು ಆ ತಾಯಿಯ ಜೊತೆ ಕನ್ನಡದಲ್ಲೇ ಮಾತಾಡಿದಳು, ಆಕೆ ತಮ್ಮ ಭಾಷೆಯಲ್ಲೇ ಮಾತಾಡಿದರು. ಒಬ್ಬರ ಮಾತೂ ಒಬ್ಬರಿಗೆ ತಿಳಿಯದಿದ್ದರೂ ಇಬ್ಬರೂ ತಮ್ಮ ತಮ್ಮ ಗಂಡಂದಿರನ್ನು ಬೈಯುತ್ತಿದ್ದಾರೆಂಬುದು ದನಿಯಲ್ಲೇ ಗೊತ್ತಾಗುತ್ತಿತ್ತು.

ಮುನಿಯಲ್ಲಪ್ಪ ಮಾತ್ರ ಹೊರಗೆ ಗಾಡಿಯ ಬಾಗಿಲು ತೆಗೆದುಕೊಂಡು ಸೀಟಿನ ಅಂಚಿಗೆ ಕೂತಿದ್ದ. ಉಂಡದ್ದೇನೋ ಉಂಡರು. ಒಂದು ಹೊತ್ತಿನ ಊಟಕ್ಕೆ ಯಾರಾದರೂ ಟಿಕೇಟು ಬಿಡುತ್ತಾರೆಯೇ? ಕೇಳೋಣವೆಂದರೆ ಧೈರ್ಯವಿಲ್ಲ.

ಮುನಿಲಕ್ಷ್ಮಿ ಬಂದಳು. ಕೊರಳ ಐಡಿ ಕಾರ್ಡಿನ ಮೇಲೆ ಸಾರಿನ ಹನಿ ಬಿದ್ದಿತ್ತು.

"ಅಪ್ಪಾ, ನಾಳೆ ಮೇಡಂಗೆ ಗಾಡಿ ಬೇಕಂತೆ."

"ಗೊತ್ತು ಕಣಮ್ಮ. ಎಷ್ಟೊತ್ತಿಗೆ ಬಿಡ್ಬೇಕು ಏರ್‌ಪೋರ್ಟಿಗೆ?"

"ಏರ್‌ಪೋರ್ಟಿಗಲ್ಲಪ್ಪಾ, ಫ್ಯಾಕ್ಟರಿಗೆ. ಅಮ್ಮ ಡಬ್ಬಿ ಕಟ್ಟಿಕೊಡ್ತಾಳಂತೆ, ನಾನು ದಿನಾ ತಗೊಂಡೋಗ್ಬೇಕು. ನಮ್ಮ ಬ್ಯಾಚು ಮುಗಿಯೋ ತನಕ ಹೋಗಲ್ಲ ಅಂದ್ರು."

ಮುನಿಯಲ್ಲಪ್ಪ ನಿನ್ನೆ ಸಂಜೆಯಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟ. ಆ ಉಸಿರಿಗೆ ಎದುರುಮನೆ ವೆಂಕಟರಮಣಪ್ಪನ ಹುಲ್ಲಿನ ಬಣವೆಯ ಟಾರ್ಪಾಲು ಎದ್ದು, ತೆಂಗಿನಮರ ದಾಟಿ, ಹೆದ್ದಾರಿಯ ಕಡೆ ಹೋಯಿತು. ಅದು ಈಗಲೂ ಪೂರ್ವಕ್ಕೇ ಹಾರುತ್ತಿದೆ ಅಂತ ನೋಡಿದವರು ಹೇಳುತ್ತಾರೆ.