ಸಿಪಿಯುವಿನ ಜ್ವರ

ಹೊಸದುರ್ಗದ ನನ್ನ ಲಗ್ನಪತ್ರಿಕೆ ಅಂಗಡಿಯ ಕಂಪ್ಯೂಟರು ಬಿಸಿಯೇರಿ ತಾನೇ ಆಫ್ ಆಗುತ್ತಿತ್ತು. ರಿಪೇರಿಯವರು ಬಂದು, ಮಗುವಿನ ಹಣೆ ಮುಟ್ಟುವಂತೆ ಸಿಪಿಯುಗೆ ಕೈ ತಾಗಿಸಿ, “ಜ್ವರ ಐತೆ ಕಣಕ್ಕ” ಎನ್ನುತ್ತಿದ್ದರು. ಬಿಚ್ಚಿ, ಪ್ರೊಸೆಸರ್‌ಗೆ ಬಿಸಿ ಎಳೆಯುವ ಪೇಸ್ಟ್ ಬಳಿದು, ಫ್ಯಾನಿನ ಕರಿ ಜಿಡ್ಡು ಒರೆಸುವಾಗ, “ಇದು ಎಲ್ಲಿಂದ ಬರ್ತೈತೋ ಗೊತ್ತಾಗಲ್ಲ” ಎಂಬುದು ಪ್ರತಿ ಸಲದ ಮಾತು. ಕೊನೆಗೆ ಕುಂಕುಮವಿಟ್ಟು, ಗಾಳಿಯಾಡುವ ತೂತಿನ ಪಕ್ಕ ಊದುಬತ್ತಿ ಸಿಕ್ಕಿಸಿ, ಕೈಮುಗಿದೇ ಆನ್ ಮಾಡುತ್ತಿದ್ದರು.

ಅವತ್ತು ಶ್ರೀರಾಂಪುರದ ಮದುವೆ ಮನೆಯವರು ಪತ್ರಿಕೆಗಾಗಿ ಕುಳಿತೇ ಇದ್ದರು. ರಿಪೇರಿಯವರು ಫ್ಯಾನನ್ನೇ ಹೊಸದು ಹಾಕಿ, ಅದೇ ಪೂಜೆ ಮಾಡಿ ಆನ್ ಮಾಡಿದರು. ಊದುಬತ್ತಿಯ ಹೊಗೆ ಮೇಲೇಳದೆ ನೆಟ್ಟಗೆ ತೂತಿನೊಳಗೆ ಹೋಯಿತು. ಪೂಜೆಯನ್ನು ತಪ್ಪೆನ್ನುವುದು ಹೇಗೆ?

“ಅಣ್ಣ, ಹೊಗೆ ಒಳಗೆ ಹೋಗ್ತೈತೆ ನೋಡ್ರಿ” ಎಂದಷ್ಟೇ ಹೇಳಿದೆ.

ಅವರ ಮುಖ ಅರಳಿತು. “ಹೊಸ ಫ್ಯಾನು ಹೆಂಗೆ ಎಳೀತೈತೆ ನೋಡಕ್ಕ!”

ಮದುವೆ ಮನೆಯವರು ಕೈಮುಗಿದರು. ನಾನೂ ಕೈಮುಗಿದೆ.